ಕರುಳಿನ ರೋಗವೂ ರೋಗಿಯ ಸಾಕ್ಷ್ಯವೂ

ನಮ್ಮ ಜನ ತಲೆನೋವಿನ ವಿಷಯವನ್ನು ಹತ್ತು ಮಂದಿಯ ಮುಂದೆ ಹೇಳಿಕೊಳ್ಳುತ್ತಾರೆ. ಮಂಡಿನೋವಿನ ವಿಷಯವನ್ನು ಸಂಘದ ವಾರ್ಷಿಕೋತ್ಸವದ ಊಟದ ಪಂಕ್ತಿಯಲ್ಲಿಯೇ ಕುಳಿತು ಚರ್ಚಿಸುತ್ತಾರೆ. ಸಕ್ಕರೆ ಕಾಯಿಲೆಯಂತೂ ಈಗ ಪರಸ್ಪರ ಪರಿಚಯದ ಒಂದು ಭಾಗವೇ ಆಗಿಹೋಗಿದೆ. ಆದರೆ ಶೌಚಕ್ಕೆ ಹೋದಾಗ ರಕ್ತ ಬೀಳುತ್ತದೆ ಎಂಬ ಮಾತನ್ನು ಮಾತ್ರ ಗಂಡ ಹೆಂಡತಿಗೆ ಹೇಳುವುದಿಲ್ಲ, ಮಗಳು ತಾಯಿಗೆ ಹೇಳುವುದಿಲ್ಲ. ಮೂಲವ್ಯಾಧಿ ಇರಬೇಕು, ಉಷ್ಣವಾಗಿರಬೇಕು, ಈ ದಿಲ್ಲಿಯ ನೀರು ಒಗ್ಗಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಮಜ್ಜಿಗೆ ಕುಡಿದು, ಮೆಂತ್ಯ ನುಂಗಿ, ತಿಂಗಳುಗಟ್ಟಲೆ ಕಾಲ ತಳ್ಳುತ್ತಾರೆ.

ಹೀಗೆ ಮುಚ್ಚಿಟ್ಟುಕೊಳ್ಳುವ ಕಾಯಿಲೆಗಳಲ್ಲಿ ಕರುಳಿನ ದೀರ್ಘಕಾಲದ ಉರಿಯೂತವೂ ಒಂದು. ದೊಡ್ಡ ಆಸ್ಪತ್ರೆಗಳಲ್ಲಿ ಈ ರೋಗದವರಿಗೆ ಚಿಕಿತ್ಸೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದುಂಟು: "ಸಂಶೋಧನೆಗಾಗಿ ನಿಮ್ಮ ರಕ್ತ, ಮಲ, ಕರುಳಿನ ಒಂದು ಚೂರು ಕೊಡುತ್ತೀರಾ?" ಈ ಮಾತು ಕಿವಿಗೆ ಬಿದ್ದೊಡನೆ ಕೆಲವರು ಬೆದರಿ ಎದ್ದು ಬರುತ್ತಾರೆ. ಇನ್ನು ಕೆಲವರು, ಡಾಕ್ಟರು ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆಂದು, ಓದದೆಯೇ ಸಹಿ ಹಾಕಿ ಬರುತ್ತಾರೆ. ಎರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ನಾವು ವೈದ್ಯರಲ್ಲ, ಬಿ.ಎ. ಮುಗಿಸಿ ಸರಕಾರಿ ಕಚೇರಿಯ ಕಡತಗಳ ನಡುವೆ ದಿನ ಕಳೆಯುವ ಗುಮಾಸ್ತರು. ಆದರೆ ಫಾರಂ ಓದುವುದು ನಮಗೆ ಬರುತ್ತದೆ. ಓದದೆ ಹಾಕಿದ ಸಹಿಯ ಬೆಲೆ ಎಷ್ಟೆಂಬುದೂ ಗೊತ್ತಿದೆ. ಆ ಅಧಿಕಾರದಿಂದಲೇ ಈ ನಾಲ್ಕು ಮಾತು.

ರೋಗ ಯಾವುದು?

ಈ ಹೆಸರಿನ ಅಡಿಯಲ್ಲಿ ಮುಖ್ಯವಾಗಿ ಎರಡು ರೋಗಗಳು ಬರುತ್ತವೆ. ಒಂದು ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡ ಕರುಳಿಗೆ ಮಾತ್ರ ಬರುವಂಥದು. ಗುದದ್ವಾರದ ಬಳಿ ಆರಂಭವಾಗಿ ಮೇಲಕ್ಕೆ ಹಬ್ಬುತ್ತದೆ. ಕರುಳಿನ ಒಳಪದರದಲ್ಲಿ ಹುಣ್ಣಾಗುತ್ತದೆ. ರಕ್ತ, ಸಿಂಬಳದಂಥ ಆಮ, ಪದೇ ಪದೇ ಭೇದಿ ಇದರ ಲಕ್ಷಣ. ಇನ್ನೊಂದು ಕ್ರೋನ್ಸ್ ಕಾಯಿಲೆ. ಇದು ಬಾಯಿಂದ ಗುದದವರೆಗೆ ಎಲ್ಲಿಯಾದರೂ ಬರಬಹುದು. ಅಲ್ಲಲ್ಲಿ ಬಿಟ್ಟು ಬಿಟ್ಟು ಬರುತ್ತದೆ. ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ. ಹೊಟ್ಟೆನೋವು, ಜ್ವರ, ತೂಕ ಇಳಿಯುವುದು, ಕರುಳಿನ ದಾರಿ ಕಿರಿದಾಗುವುದು ಇದರ ತೊಂದರೆಗಳು. ಎರಡೂ ಬಹುಮಟ್ಟಿಗೆ ಹದಿನೈದರಿಂದ ಮೂವತ್ತೈದರ ಒಳಗಿನ ಪ್ರಾಯದಲ್ಲಿ, ಅಂದರೆ ಓದುವ, ದುಡಿಯುವ, ಮದುವೆಯಾಗುವ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತವೆ. ಅಂಟುರೋಗವಲ್ಲ. ಔಷಧಿಗಳಿಂದ ಹತೋಟಿಯಲ್ಲಿ ಇಡಬಹುದು. ಬೇರುಸಹಿತ ಕೀಳುವ ಔಷಧಿ ಇನ್ನೂ ಬಂದಿಲ್ಲ.

ಈ ರೋಗಗಳ ತಿಳಿವಳಿಕೆ ಬಂದುದೇ ರೋಗಿಗಳ ಶರೀರದ ಚೂರುಗಳಿಂದ. 1859ರಲ್ಲಿ ಲಂಡನ್ನಿನ ಸ್ಯಾಮುಯೆಲ್ ವಿಲ್ಕ್ಸ್ ಎಂಬ ವೈದ್ಯರು ಒಬ್ಬ ಮೃತ ಹೆಂಗಸಿನ ಕರುಳನ್ನು ಪರೀಕ್ಷಿಸಿ, ಇದು ಸಾಮಾನ್ಯ ಆಮಶಂಕೆಯಲ್ಲವೆಂದು ಬರೆದರು. 1913ರಲ್ಲಿ ಸ್ಕಾಟ್ಲೆಂಡಿನ ಡಾಲ್ಜಿಯಲ್ ಎಂಬ ಶಸ್ತ್ರವೈದ್ಯರು, ಆಮೇಲೆ 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು, ಶಸ್ತ್ರಕ್ರಿಯೆಯಲ್ಲಿ ತೆಗೆದ ಕರುಳಿನ ಭಾಗಗಳನ್ನು ನೋಡಿ ಎರಡನೆಯ ರೋಗವನ್ನು ವಿವರಿಸಿದರು. ನ್ಯೂಯಾರ್ಕಿನ ವರದಿಯಲ್ಲಿ ಇದ್ದವರು 14 ಜನ ರೋಗಿಗಳು. ರೋಗಕ್ಕೆ ವೈದ್ಯರ ಹೆಸರು ನಿಂತಿತು. ಆ ಹದಿನಾಲ್ಕು ಜನರ ಹೆಸರನ್ನು ಇಂದು ಯಾರೂ ಹೇಳುವುದಿಲ್ಲ.

ಮೂರು ಬಗೆಯ ಸಾಕ್ಷ್ಯ

ಈ ಉರಿಯೂತ ಏಕೆ ಬರುತ್ತದೆಂಬುದಕ್ಕೆ ಒಂದೇ ಉತ್ತರವಿಲ್ಲ. ತಂದೆತಾಯಿಗಳಿಂದ ಬಂದ ವಂಶವಾಹಿಗಳು, ಕರುಳಿನಲ್ಲಿ ವಾಸಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳು, ದೇಹದ ರಕ್ಷಣಾ ಶಕ್ತಿ, ಇವು ಮೂರೂ ಸೇರಿ ಎಲ್ಲಿಯೋ ಲೆಕ್ಕ ತಪ್ಪುತ್ತದೆ. ಶತ್ರುವಿನ ಮೇಲೆ ಹೋಗಬೇಕಾದ ಸೈನ್ಯ ತನ್ನ ಕೋಟೆಯ ಗೋಡೆಯನ್ನೇ ಕೆಡವತೊಡಗುತ್ತದೆ. ಆಹಾರ, ಪರಿಸರ, ಹಿಂದೆ ತೆಗೆದುಕೊಂಡ ಔಷಧಿಗಳು ಇದಕ್ಕೆ ಕುಮ್ಮಕ್ಕು ಕೊಡಬಹುದು. ಆದ್ದರಿಂದಲೇ ಸಂಶೋಧಕರು ಮೂರು ಬಗೆಯ ಮಾದರಿ ಕೇಳುವುದು. ರಕ್ತದಲ್ಲಿ ವಂಶದ ವಿಷಯ ಸಿಗುತ್ತದೆ. ಮಲದಲ್ಲಿ ಸೂಕ್ಷ್ಮಜೀವಿಗಳ ವಿಷಯ ಸಿಗುತ್ತದೆ. ಕರುಳಿನ ಚೂರಿನಲ್ಲಿ ಯುದ್ಧ ನಡೆದ ಜಾಗವೇ ಕಾಣುತ್ತದೆ.

ಮಾದರಿ ಎಂದರೆ ಶೀಷೆಯಲ್ಲಿ ತುಂಬಿ ಕೊಡುವುದಷ್ಟೇ ಎಂದು ತಿಳಿಯಬಾರದು. ಅದಕ್ಕೂ ಮಡಿ ಮೈಲಿಗೆಗಳಿವೆ. ವಂಶವಾಹಿಯ ಪರೀಕ್ಷೆಗೆ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ವಸ್ತು ಹಾಕಿದ ನಳಿಕೆಯಲ್ಲಿ ಹಿಡಿಯುತ್ತಾರೆ. ಸೀರಂ ಬೇಕಾದರೆ ಬೇರೊಂದು ನಳಿಕೆಯಲ್ಲಿ ಹೆಪ್ಪುಗಟ್ಟಲು ಬಿಡುತ್ತಾರೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಮಲದ ಮಾದರಿಗೆ ನೀರು, ಮೂತ್ರ ಸೇರಬಾರದು. ಬೇಗನೆ ತಣ್ಣಗಿರಿಸಬೇಕು, ಇಲ್ಲವಾದರೆ ಡಬ್ಬಿಯೊಳಗೇ ಕೆಲವು ಜೀವಿಗಳು ಬೆಳೆದು, ಕೆಲವು ಸತ್ತು, ಹೊಟ್ಟೆಯಲ್ಲಿ ಇದ್ದ ಸ್ಥಿತಿ ಬೇರೆ, ಪ್ರಯೋಗಶಾಲೆ ಕಾಣುವ ಸ್ಥಿತಿ ಬೇರೆ ಆಗಿಬಿಡುತ್ತದೆ. ಕೊಲೊನೋಸ್ಕೋಪಿಗೆ ಮುಂಚೆ ಕರುಳು ತೊಳೆಯಲು ಕೊಡುವ ಭೇದಿಯ ಔಷಧಿಯಿಂದಲೂ ಜೀವಿಗಳ ಲೆಕ್ಕ ಬದಲಾಗುವುದರಿಂದ, ಮಲವನ್ನು ಆ ಔಷಧಿ ಕುಡಿಯುವ ಮೊದಲೇ ಕೇಳುವುದುಂಟು.

ಜನ ಅತಿಯಾಗಿ ಹೆದರುವುದು ಕರುಳಿನ ಚೂರಿಗೆ. ಅದಕ್ಕೆ ಬಯಾಪ್ಸಿ ಎಂದು ಹೆಸರು. ದುರ್ಬೀನಿನ ನಳಿಕೆಯೊಳಗಿಂದ ಸಣ್ಣ ಚಿಮಟವನ್ನು ಇಳಿಸಿ ಅಕ್ಕಿಯ ನುಚ್ಚಿನಷ್ಟು ಗಾತ್ರದ ತುಣುಕನ್ನು ಕಿತ್ತುಕೊಳ್ಳುತ್ತಾರೆ. ಕಿತ್ತ ಜಾಗದಲ್ಲಿ ನೋವು ಗೊತ್ತಾಗುವುದಿಲ್ಲ. ತುಸು ರಕ್ತ ಒಸರಿ ನಿಲ್ಲುತ್ತದೆ. ಹೆಚ್ಚಿನ ರಕ್ತಸ್ರಾವ, ಕರುಳಿಗೆ ತೂತು ಬೀಳುವುದು ಬಹು ಅಪರೂಪ; ಆದರೂ ಇಲ್ಲವೇ ಇಲ್ಲವೆಂದಲ್ಲ. ಈ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದಾದರೆ ಫಾರ್ಮಲಿನ್‌ನಲ್ಲಿ ಹಾಕಬೇಕು. ಅದರಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವುದಾದರೆ ಫಾರ್ಮಲಿನ್ ಸೋಕಲೇಬಾರದು, ಉಪ್ಪುನೀರಿನಲ್ಲಿ ಹಾಕಬೇಕು. ಫಾರ್ಮಲಿನ್ ರೋಗಾಣುವನ್ನು ಕೊಂದುಬಿಡುತ್ತದೆ. ದೀರ್ಘಕಾಲ ಕಾದಿಡುವುದಾದರೆ ಶೂನ್ಯಕ್ಕಿಂತ 80 ಡಿಗ್ರಿ ಕೆಳಗಿನ ಶೀತಪೆಟ್ಟಿಗೆ ಬೇಕು.

ಇದೆಲ್ಲಕ್ಕಿಂತ ಮುಖ್ಯವಾದುದು ದಾಖಲೆ. ಆವಕ ಸಂಖ್ಯೆ ಬೀಳದ ಕಾಗದ ನಮ್ಮ ಕಚೇರಿಯಲ್ಲಿ ಇದ್ದೂ ಇಲ್ಲದಂತೆ. ಮಾದರಿಯ ಗತಿಯೂ ಅದೇ. ರೋಗಿಯ ವಯಸ್ಸು, ರೋಗ ಆರಂಭವಾದ ಕಾಲ, ತಿನ್ನುವ ಆಹಾರ, ನುಂಗುತ್ತಿರುವ ಔಷಧಿ, ಕಳೆದ ವಾರಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಅದರ ದಿನಾಂಕ, ಚೂರು ಕರುಳಿನ ಯಾವ ಭಾಗದ್ದು, ಎಷ್ಟು ಹೊತ್ತಿಗೆ ತೆಗೆದದ್ದು, ಇವು ಜೊತೆಗಿಲ್ಲದಿದ್ದರೆ ಶೀತಪೆಟ್ಟಿಗೆಯಲ್ಲಿ ಇರುವುದು ಸಾಕ್ಷ್ಯವಲ್ಲ, ಬರಿಯ ಕಸ.

ಹನಿಗೂಡಿದರೆ ಹಳ್ಳ

ಒಬ್ಬನ ಮಾದರಿಯಿಂದ ಹೆಚ್ಚೇನೂ ತಿಳಿಯದು. ಸಾವಿರ ಜನರದು ಕೂಡಿದಾಗ ಮಾತು ಬೇರೆ. 2001ರಲ್ಲಿ ಕ್ರೋನ್ಸ್ ರೋಗಿಗಳ ಕುಟುಂಬಗಳ ರಕ್ತವನ್ನು ಪರಿಶೀಲಿಸಿದ ಎರಡು ತಂಡಗಳು, ಎನ್.ಒ.ಡಿ. 2 ಎಂಬ ವಂಶವಾಹಿಯಲ್ಲಿ ವ್ಯತ್ಯಾಸವಿದ್ದವರಿಗೆ ಆ ರೋಗದ ಸಂಭವ ಹೆಚ್ಚೆಂದು ತೋರಿಸಿದವು. 2012ರಲ್ಲಿ ರೋಗಿಗಳೂ ನಿರೋಗಿಗಳೂ ಸೇರಿ 75 ಸಾವಿರಕ್ಕೂ ಹೆಚ್ಚು ಜನರ ಮಾದರಿಗಳನ್ನು ಹೋಲಿಸಿ, ಈ ರೋಗಗಳಿಗೆ ಸಂಬಂಧಿಸಿದ 163 ತಾಣಗಳನ್ನು ಗುರುತಿಸಿದರು. ನಿರೋಗಿಗಳ ಮಾದರಿಯೂ ಬೇಕೆಂಬುದನ್ನು ವಾಚಕರು ಗಮನಿಸಬೇಕು. ಎಡಗೈಯಿಲ್ಲದೆ ಬಲಗೈ ಯಾವುದೆಂದು ಹೇಳಲಾಗದು. ರೋಗಿಯ ಹೆಂಡತಿಯನ್ನೋ ಅಣ್ಣನನ್ನೋ "ನೀವೂ ಸ್ವಲ್ಪ ರಕ್ತ ಕೊಡುತ್ತೀರಾ?" ಎಂದು ಕೇಳಿದರೆ ಗಾಬರಿಯಾಗಬೇಕಾಗಿಲ್ಲ.

ಅಮೆರಿಕದಲ್ಲಿ ನಡೆದ ಇನ್ನೊಂದು ಅಧ್ಯಯನದ ವರದಿ 2019ರಲ್ಲಿ ಬಂದಿತು. ಅದರಲ್ಲಿ 132 ಜನ ಒಂದೊಂದು ವರ್ಷ ಭಾಗವಹಿಸಿದರು. ಎರಡು ವಾರಕ್ಕೊಮ್ಮೆ ಮನೆಯಲ್ಲಿಯೇ ಮಲದ ಮಾದರಿ ತೆಗೆದು ಅಂಚೆಯಲ್ಲಿ ಕಳುಹಿಸಿದರು. ರಕ್ತ, ಕರುಳಿನ ಚೂರು ಎಲ್ಲ ಸೇರಿ 2,965 ಮಾದರಿಗಳಾದವು. ರೋಗ ಕೆರಳಿದಾಗ ಸೂಕ್ಷ್ಮಜೀವಿಗಳ ಸಂಸಾರ ಹೇಗೆ ಏರುಪೇರಾಗುತ್ತದೆಂಬುದು ಇದರಿಂದ ಕಂಡಿತು. ವರ್ಷವಿಡೀ ಹದಿನೈದು ದಿನಕ್ಕೊಮ್ಮೆ, ಹಬ್ಬವಿರಲಿ ಹುಣ್ಣಿಮೆಯಿರಲಿ, ಈ ಕೆಲಸವನ್ನು ತಪ್ಪದೆ ಮಾಡುವುದೆಂದರೆ ಅದೂ ಒಂದು ವ್ರತವೇ ಸರಿ.

ನಮ್ಮ ದೇಶದ ಪ್ರಶ್ನೆ

"ಪರದೇಶದವರು ಇಷ್ಟೆಲ್ಲ ಮಾಡಿರುವಾಗ ನಮ್ಮ ಮಾದರಿ ಏತಕ್ಕೆ?" ಎಂದು ಕೇಳಬಹುದು. ಇದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು, ಐರೋಪ್ಯರಿಗೆ ಹೊಲಿದ ಅಂಗಿ ನಮ್ಮ ಮೈಗೆ ಸರಿಹೋಗುವುದಿಲ್ಲ. ಮೇಲೆ ಹೇಳಿದ ಎನ್.ಒ.ಡಿ. 2ರಲ್ಲಿ ಐರೋಪ್ಯ ರೋಗಿಗಳಿಗೆ ಸಾಮಾನ್ಯವಾದ ವ್ಯತ್ಯಾಸಗಳು ಭಾರತೀಯರಲ್ಲಿ ಅಪರೂಪ. ದಿಲ್ಲಿ ವಿಶ್ವವಿದ್ಯಾಲಯ ಮತ್ತು ಲೂಧಿಯಾನದ ದಯಾನಂದ ವೈದ್ಯಕೀಯ ಕಾಲೇಜು ಮೊದಲಾದ ಕಡೆಯವರು ಕೂಡಿ ಉತ್ತರ ಭಾರತದ ಕೊಲೈಟಿಸ್ ರೋಗಿಗಳ ಮಾದರಿಗಳನ್ನು ಪರೀಕ್ಷಿಸಿ, 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೂರು ಹೊಸ ತಾಣಗಳನ್ನು ಹೇಳಿದರು. ಇಲ್ಲಿಯ ರೋಗಿಗಳು ಮಾದರಿ ಕೊಡದಿದ್ದರೆ ಇದು ಹೊರಬೀಳುತ್ತಿರಲಿಲ್ಲ. ಈ ರೋಗ ನಮ್ಮಲ್ಲಿ ಇಲ್ಲವೆಂಬ ನಂಬಿಕೆಯೂ ಹೀಗೆಯೇ ಸುಳ್ಳಾಯಿತು. ಲೂಧಿಯಾನದ ವೈದ್ಯರು 51,910 ಜನರ ನಡುವೆ ಸಮೀಕ್ಷೆ ನಡೆಸಿ 23 ಕೊಲೈಟಿಸ್ ರೋಗಿಗಳನ್ನು ಗುರುತಿಸಿದರು. 2003ರಲ್ಲಿ ಪ್ರಕಟವಾದ ಈ ಲೆಕ್ಕದಂತೆ ಲಕ್ಷಕ್ಕೆ 44 ಜನ.

ಎರಡನೆಯ ಉತ್ತರ ಇನ್ನೂ ಹತ್ತಿರದ್ದು. ನಮ್ಮ ದೇಶದಲ್ಲಿ ಕ್ಷಯ ಇನ್ನೂ ಹೋಗಿಲ್ಲ. ಕ್ಷಯ ಎದೆಗೆ ಬರುವಂತೆ ಕರುಳಿಗೂ ಬರುತ್ತದೆ. ಕರುಳಿನ ಕ್ಷಯಕ್ಕೂ ಕ್ರೋನ್ಸ್ ಕಾಯಿಲೆಗೂ ಅವಳಿಜವಳಿಗಳಂಥ ಹೋಲಿಕೆ: ಅದೇ ಹೊಟ್ಟೆನೋವು, ಅದೇ ಜ್ವರ, ಅದೇ ತೂಕ ಇಳಿತ; ದುರ್ಬೀನಿನಲ್ಲಿ ಕಾಣುವ ಹುಣ್ಣೂ ಹೆಚ್ಚುಕಡಮೆ ಅದೇ. ಔಷಧಿ ಮಾತ್ರ ತದ್ವಿರುದ್ಧ. ಕ್ರೋನ್ಸಿಗೆ ದೇಹದ ರಕ್ಷಣಾ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಡಬೇಕು. ಕ್ಷಯವಿದ್ದವನಿಗೆ ಅದನ್ನು ಕೊಟ್ಟರೆ ಕ್ಷಯ ಬೆಂಕಿಯಂತೆ ಹಬ್ಬುತ್ತದೆ. ಕ್ರೋನ್ಸ್ ಇದ್ದವನಿಗೆ ಕ್ಷಯದ ಔಷಧಿ ಕೊಟ್ಟರೆ ತಿಂಗಳುಗಳು ವ್ಯರ್ಥ, ಅಷ್ಟರಲ್ಲಿ ಕರುಳು ಇನ್ನಷ್ಟು ಕೆಡುತ್ತದೆ. ಚೂರಿನಲ್ಲಿ ಕ್ಷಯದ ರೋಗಾಣು ಬೆಳೆದರೆ ತಕರಾರಿಲ್ಲ. ಆದರೆ ಬೆಳೆಯಲು ವಾರಗಟ್ಟಲೆ ಬೇಕು, ಕ್ಷಯವಿದ್ದರೂ ಅನೇಕ ವೇಳೆ ಬೆಳೆಯುವುದಿಲ್ಲ. ಇವೆರಡನ್ನೂ ಬೇಗ, ಖಚಿತವಾಗಿ ಬೇರ್ಪಡಿಸುವ ಪರೀಕ್ಷೆ ಬೇಕಾಗಿರುವುದು ನಮಗೆ. ಎರಡೂ ರೋಗಗಳು ಒಟ್ಟಿಗೆ ಇರುವ ದೇಶದ ರೋಗಿಗಳ ಮಾದರಿಗಳಿಂದಲೇ ಅದು ಹುಟ್ಟಬೇಕು.

ಒಂದು ಮನೆಯ ಮಾತು

ನಮ್ಮ ನೆರೆಯಲ್ಲಿ ಗದಗಿನ ಕಡೆಯ ಹುಡುಗನೊಬ್ಬನಿದ್ದಾನೆ. ಇಪ್ಪತ್ತನಾಲ್ಕು ವಯಸ್ಸು, ಖಾಸಗಿ ಕಂಪನಿಯಲ್ಲಿ ಕೆಲಸ. ವರ್ಷದ ಮೇಲೆ ಹೊಟ್ಟೆನೋವು, ಭೇದಿ. ಹನ್ನೊಂದು ಕಿಲೋ ಇಳಿದುಹೋಗಿದ್ದ. ಊರ ಕಡೆಯ ಒಂದು ಆಸ್ಪತ್ರೆಯಲ್ಲಿ ಕರುಳಿನ ಚೂರು ತೆಗೆದಿದ್ದರು, ಆದರೆ ಎಲ್ಲವನ್ನೂ ಫಾರ್ಮಲಿನ್‌ನಲ್ಲಿಯೇ ಹಾಕಿದ್ದರು. ರೋಗಾಣು ಬೆಳೆಸಿ ನೋಡುವ ದಾರಿ ಅಲ್ಲಿಗೇ ಮುಚ್ಚಿತು. ಕ್ಷಯವೇ ಇರಬೇಕೆಂದು ಆರು ತಿಂಗಳು ಔಷಧಿ ನುಂಗಿದ, ಗುಣ ಕಾಣಲಿಲ್ಲ. ದಿಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ, ಮತ್ತೊಮ್ಮೆ ಕೊಲೊನೋಸ್ಕೋಪಿ ಆಗಬೇಕೆಂದರು. ಅದರ ಜೊತೆಗೆ ಸಂಶೋಧನೆಗೆಂದು ರಕ್ತ, ಮಲ, ಇನ್ನೆರಡು ಚೂರು ಕೊಡಲು ಒಪ್ಪಿಗೆಯೇ ಎಂದು ಒಂದು ಫಾರಂ ಕೊಟ್ಟರು. ಒಂಬತ್ತು ಪುಟ, ಹಿಂದಿಯಲ್ಲಿ ಒಂದು ಪ್ರತಿ, ಇಂಗ್ಲಿಷಿನಲ್ಲಿ ಒಂದು. ಮಗನ ಆರೈಕೆಗೆ ಬಂದಿದ್ದ ತಾಯಿಗೆ ಎರಡೂ ಬಾರವು. ಹುಡುಗನಿಗೆ ಓದಲು ಬಂದರೂ ತಾಯಿ ಹೂಂ ಎನ್ನದೆ ಸಹಿ ಹಾಕುವ ಮನಸ್ಸಿಲ್ಲ. ಹೀಗಾಗಿ ನಾವು ಅರ್ಧ ದಿನದ ರಜೆ ಹಾಕಿ ಜೊತೆಗೆ ಹೋದೆವು.

ಪಡಸಾಲೆಯ ಬೆಂಚಿನ ಮೇಲೆ ಕುಳಿತು ಒಂದು ಗಂಟೆ ಕಾಲ ಓದಿ ಓದಿ ಕನ್ನಡದಲ್ಲಿ ಹೇಳಿದೆವು. ಆ ತಾಯಿ ಕೊನೆಯವರೆಗೂ ಕೇಳಿ, ನಾಲ್ಕೇ ಪ್ರಶ್ನೆ ಹಾಕಿದರು.

"ಅಲ್ರೀ ತಮ್ಮಾ, ರೋಗ ನೋಡಾಕ ತುಣುಕು ತಗೀತಾರ, ಆತು. ಮ್ಯಾಲ ಮತ್ತೆರಡು ಯಾಕ ಬೇಕು? ಕರಳಿಗೆ ತೂತು ಬಿದ್ದರ ಯಾರು ಹೊಣಿ? ನಾವು ಒಲ್ಲೆ ಅಂದ್ರ ಹುಡುಗಗ ಔಷಧ ಕೊಡೂದು ಬಿಡ್ತಾರೇನು? ಇನ್ನೂ ಲಗ್ನ ಆಗಬೇಕಾದಾಂವ, ಹೆಸರು ಎಲ್ಲೆರೆ ಹೊರಗ ಬಿತ್ತಂದ್ರ?"

ಒಂಬತ್ತು ಪುಟದ ಸಾರವೆಲ್ಲ ಆ ನಾಲ್ಕು ಪ್ರಶ್ನೆಗಳಲ್ಲಿಯೇ ಇತ್ತು. ನಾವು ಅವನ್ನು ಹಾಗೆಯೇ ಡಾಕ್ಟರರ ಮುಂದಿಟ್ಟೆವು. ಅವರು ಬೇಸರಿಸದೆ ಉತ್ತರಿಸಿದರು. ತೂತು ಬೀಳುವುದು ಬಹಳ ಅಪರೂಪ, ಆದರೆ ಇಲ್ಲವೆಂದು ಮಾತು ಕೊಡಲಾರೆ. ಸಂಶೋಧನೆಯಿಂದ ತೊಂದರೆಯಾದರೆ ಅದರ ಹೊಣೆ ಸಂಶೋಧನೆ ನಡೆಸುವವರದು. ಒಪ್ಪದಿದ್ದರೆ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದು. ಶೀಷೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಸಂಖ್ಯೆಗೂ ಹೆಸರಿಗೂ ಇರುವ ಕೊಂಡಿ ಬೀಗದೊಳಗೆ ಇರುತ್ತದೆ. ಇದರಿಂದ ಈ ಹುಡುಗನಿಗೆ ಈಗಲೇ ಲಾಭವಿಲ್ಲವೆಂಬುದನ್ನೂ ಅವರೇ ಹೇಳಿದರು: "ಮುಂದೆ ಬರುವವರಿಗೆ ಆಗಬಹುದು."

ತಾಯಿ ಮಗ ಸ್ವಲ್ಪ ಹೊತ್ತು ಮಾತಾಡಿಕೊಂಡರು. ರಕ್ತಕ್ಕೂ ಮಲಕ್ಕೂ ಒಪ್ಪಿದರು. ಹೆಚ್ಚಿನ ಎರಡು ಚೂರಿಗೆ ಒಪ್ಪಲಿಲ್ಲ. ಫಾರಂನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕಟ್ಟು ಇತ್ತು. ಎರಡಕ್ಕೆ ಗುರುತು ಹಾಕಿ, ಒಂದನ್ನು ಹಾಗೆಯೇ ಬಿಟ್ಟು ಹುಡುಗ ಸಹಿ ಮಾಡಿದ. ಯಾರೂ ಮುಖ ಸಿಂಡರಿಸಲಿಲ್ಲ. ಪರೀಕ್ಷೆಯಲ್ಲಿ ಕ್ರೋನ್ಸ್ ಎಂದು ತೀರ್ಮಾನವಾಗಿ ಚಿಕಿತ್ಸೆ ನಡೆದಿದೆ. ಇಳಿದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಮರಳಿ ಬಂದಿದೆ. ಮುಂದಿನ ತಪಾಸಣೆಯಲ್ಲಿ ಚೂರು ಕೊಡಬೇಕೆನ್ನಿಸಿದರೆ ಕೊಡುತ್ತಾನೆ, ಇಲ್ಲವಾದರೆ ಇಲ್ಲ. ಅದು ಅವನ ಕರುಳು.

ಕೇಳುವ ಹಕ್ಕು

ಇದು ಡಾಕ್ಟರರ ಔದಾರ್ಯವಷ್ಟೇ ಅಲ್ಲ, ನಿಯಮವೂ ಹೌದು. ಹಿಂದೆ ಹೀಗಿರಲಿಲ್ಲ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕರಿಯ ಹೆಂಗಸಿನ ಗಡ್ಡೆಯಿಂದ ಆಕೆಯನ್ನು ಕೇಳದೆ ತೆಗೆದ ಜೀವಕೋಶಗಳು ಲೋಕದ ಪ್ರಯೋಗಶಾಲೆಗಳಿಗೆಲ್ಲ ಹಂಚಿಹೋದವು. ಆಕೆಯ ಮಕ್ಕಳಿಗೆ ವಿಷಯ ತಿಳಿದುದು ಇಪ್ಪತ್ತು ವರ್ಷಗಳ ಮೇಲೆ. ಇಂಥ ಅನ್ಯಾಯಗಳಿಂದ ಪಾಠ ಕಲಿತು ನಿಯಮಗಳು ಬಂದವು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸಬೇಕು. ಓದುಬರಹ ಬಾರದವರಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರ ಮುಂದೆ ಓದಿ ಹೇಳಬೇಕು. ಒಪ್ಪಿದವರು ಯಾವಾಗ ಬೇಕಾದರೂ ಹಿಂದೆಗೆಯಬಹುದು.

"ಅರ್ಥವಾಗುವ ಭಾಷೆಯಲ್ಲಿ" ಎಂಬ ಮಾತನ್ನು ಹೊರನಾಡಿನ ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ದಿಲ್ಲಿಯಲ್ಲಿ ಹಿಂದಿ, ಮುಂಬಯಿಯಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು. ಸಂತೆಯ ಭಾಷೆ ನಮಗೆಲ್ಲ ಬರುತ್ತದೆ. ತರಕಾರಿಗೆ ಸಾಲುವ ಭಾಷೆ ಒಪ್ಪಿಗೆ ಪತ್ರಕ್ಕೆ ಸಾಲದು. ಊರಿಂದ ಬಂದ ಹಿರಿಯರಿಗಂತೂ ಅದೂ ಇಲ್ಲ. ಆದ್ದರಿಂದ ಸಹಿಗೆ ಮುಂಚೆ ಇಷ್ಟನ್ನು ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳಿರಿ: ಚಿಕಿತ್ಸೆಗೆ ಬೇಕಾದ ಮಾದರಿ ಎಷ್ಟು, ಸಂಶೋಧನೆಗೆ ಹೆಚ್ಚಾಗಿ ತೆಗೆಯುವುದೆಷ್ಟು? ಅದರ ಖರ್ಚು ನಮ್ಮ ಮೇಲೆ ಬೀಳುವುದೇ? ಮಾದರಿಯನ್ನು ಎಷ್ಟು ವರ್ಷ ಇಡುತ್ತಾರೆ, ಬೇರೆ ಸಂಶೋಧನೆಗೂ ಬಳಸುತ್ತಾರೆಯೇ, ಹೊರದೇಶಕ್ಕೆ ಕಳುಹಿಸುತ್ತಾರೆಯೇ? ನಮಗೆ ಉಪಯುಕ್ತವಾದ ಸಂಗತಿ ಸಿಕ್ಕರೆ ತಿಳಿಸುತ್ತಾರೆಯೇ? ಒಪ್ಪಿಗೆ ಹಿಂತೆಗೆದುಕೊಂಡರೆ ಮಾದರಿಯ ಗತಿ ಏನು? ಫಾರಂನ ಒಂದು ಪ್ರತಿ ಕೇಳಿ ಪಡೆಯಿರಿ. ಅದು ನಿಮಗೆ ಸಲ್ಲಬೇಕಾದದ್ದು. ಮನೆಗೆ ಕೊಂಡೊಯ್ದು ಯೋಚಿಸಿ ಹೇಳುತ್ತೇವೆಂದರೂ ತಪ್ಪಿಲ್ಲ.

ಉತ್ತರಗಳು ಮನಸ್ಸಿಗೆ ಒಪ್ಪಿದರೆ, ಸಂಕೋಚಪಡದೆ ಕೊಡಿರಿ. ಔಷಧಿ ಎಷ್ಟು ದಿನ ತಪ್ಪಿಸಿದಿರಿ, ನಾಟಿವೈದ್ಯ ಏನು ಮಾಡಿದಿರಿ ಎಂಬುದನ್ನೂ ಮುಚ್ಚಿಡದೆ ಹೇಳಿರಿ. ಸುಳ್ಳು ದಾಖಲೆಯ ಮಾದರಿ ಇಲ್ಲದ ಮಾದರಿಗಿಂತ ಕೇಡು.

ನಮ್ಮ ಸಂಘದಲ್ಲಿ ಕನ್ನಡದ ಜೊತೆಗೆ ಇಲ್ಲಿನ ಭಾಷೆಯನ್ನೂ ಇಂಗ್ಲಿಷನ್ನೂ ಓದಬಲ್ಲವರು ನೂರಾರು ಮಂದಿ ಇದ್ದಾರೆ. ನಾಟಕಕ್ಕೆ, ರಾಜ್ಯೋತ್ಸವಕ್ಕೆ ಹೆಗಲು ಕೊಡುವಂತೆ, ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಗಂಟೆ ಕುಳಿತು ಫಾರಂ ಓದಿ ಹೇಳುವವರ ಒಂದು ಯಾದಿಯನ್ನು ಕಾರ್ಯಕಾರಿ ಸಮಿತಿಯವರು ಸಿದ್ಧಪಡಿಸಬಾರದೇಕೆ? ಅದರಲ್ಲಿ ಮೊದಲನೆಯ ಹೆಸರು ನಮ್ಮದಿರಲಿ. ಶನಿವಾರಗಳಂದು ನಾವು ಬಿಡುವಾಗಿರುತ್ತೇವೆ.